ಪಾರ್ವತಮ್ಮ, ನಿಧನ ೧೯೮೯

ಬೆಳಿಗ್ಗೆ ಆರೂವರೆಗೆ, ಇನ್ನೂ ಹಲ್ಲುಜ್ಜಿರಲಿಲ್ಲ, ಪಂಚಾಕ್ಷರಪ್ಪನವರಿಗೆ ಅವರ ಅಕ್ಕ ಬದುಕಿದ್ದಾಳೋ ಸತ್ತಿದ್ದಾಳೋ ಎಂಬ ಪ್ರಶ್ನೆ ಬಂತು. ಕೇಳಿದ್ದು ಫೋನು. ಎರಡು ವರ್ಷದಿಂದ ಅವರು ತಮ್ಮ ಮನೆತನದ ನಾನೂರ ಹನ್ನೆರಡು ಜನರನ್ನು ಹುಡುಕಿ ಹುಡುಕಿ ಏರಿಸಿದ್ದ ‘ನಮ್ಮ ಬೇರು’ ಎಂಬ ಜಾಲತಾಣವು ಎಂದಿನಂತೆ ನಗುವ ಎಲೆಯ ಚಿತ್ರವೊಂದನ್ನು ತೋರಿಸಿ ಹೀಗೆ ಬರೆದಿತ್ತು: “ಶುಭೋದಯ ಪಂಚಾಕ್ಷರಪ್ಪ! ಎರಡು ವಂಶಾವಳಿಗಳಲ್ಲಿ ಒಬ್ಬರೇ ವ್ಯಕ್ತಿ ಇರುವಂತೆ ಕಾಣುತ್ತಿದೆ. ನಿಮ್ಮಲ್ಲಿ: ಪಾರ್ವತಮ್ಮ, ಜನನ ೧೯೬೧, ನಿಧನ ೧೯೮೯. ಸಹನಾ ಎಂ., ಐಮಂಗಲ, ಇವರಲ್ಲಿ: ಪಾರ್ವತಮ್ಮ, ಜನನ ೧೯೬೧, ಜೀವಂತ. ಯಾವುದು ಸರಿ?” ಕೆಳಗೆ ಎರಡು ಗುಂಡಿಗಳು. ‘ಜೀವಂತ’ ಹಸಿರು, ‘ನಿಧನ’ ಬೂದು. ಅದರ ಕೆಳಗೆ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವ ಹಾಗೆ, ‘ಆಮೇಲೆ ನೆನಪಿಸಿ’. ಪಂಚಾಕ್ಷರಪ್ಪನವರು ಕನ್ನಡಕ ಹುಡುಕಿ ಮೂರನೆಯದನ್ನು ಒತ್ತಿ ಬಚ್ಚಲಿಗೆ ಹೋದರು. ಮೂವತ್ತಾರು ವರ್ಷದಿಂದ ಈ ವಿಷಯದಲ್ಲಿ ಅವರು ಮಾಡಿಕೊಂಡು ಬಂದಿದ್ದೂ ಇಷ್ಟೇ.

ಬಚ್ಚಲ ಕನ್ನಡಿಯಲ್ಲಿ ನೊರೆ ತುಂಬಿದ ಬಾಯಿಯ ಒಬ್ಬ ಗೌರವಸ್ಥ ಮನುಷ್ಯ ಕಂಡ. ಸಹನಾ ಅಂದರೆ ಅಕ್ಕನ ಮಗಳು. ಆ ಹುಡುಗಿಯನ್ನು ಅವರು ಒಮ್ಮೆ ನೋಡಿದ್ದರು, ಅಥವಾ ನೋಡದೆ ಇರಲು ಶ್ರಮಪಟ್ಟಿದ್ದರು. ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಅಕ್ಕ ಆ ಹುಡುಗಿಯ ಕಾಲೇಜು ಚೀಲ ಹಿಡಿದುಕೊಂಡು ನಿಂತಿದ್ದಳು. ಹತ್ತು ಮಾರು ದೂರ. ಪಂಚಾಕ್ಷರಪ್ಪನವರು ತಟ್ಟನೆ ತಿರುಗಿ ಗೋಡೆಗೆ ಅಂಟಿಸಿದ್ದ ಮೂಲವ್ಯಾಧಿ ಚಿಕಿತ್ಸೆಯ ಜಾಹೀರಾತನ್ನು ಮೊದಲಿನಿಂದ ಕೊನೆಯವರೆಗೆ, ವೈದ್ಯರ ನೋಂದಣಿ ಸಂಖ್ಯೆಯ ಸಮೇತ ಓದಿದ್ದರು. ಬಸ್ಸು ಹೊರಟ ಮೇಲೆ ತಿರುಗಿದರೆ ಕಿಟಕಿಯಲ್ಲಿ ಅಕ್ಕ ನಗುತ್ತಿದ್ದಳು. ಸಿಟ್ಟಿನಿಂದ ನೋಡಿದ್ದರೆ ಅದನ್ನು ಮರೆಯಬಹುದಿತ್ತು. ಜಾಹೀರಾತು ನೋಡಿ ನಕ್ಕಳೋ ತಮ್ಮನನ್ನು ನೋಡಿ ನಕ್ಕಳೋ ಎಂದು ಹದಿನಾರು ವರ್ಷದಿಂದ ತಿಳಿದಿರಲಿಲ್ಲ. ಈಗ ಆ ಹುಡುಗಿಯೇ ತನ್ನ ವಂಶಾವಳಿ ಬರೆದಿದ್ದಾಳೆ. ಬರೆಯಲಿ, ಯಾರು ಬೇಡವೆಂದರು. ಆದರೆ ತಾಯಿಯನ್ನು ಜೀವಂತ ಎಂದು ಹಾಕುವ ಮುನ್ನ ಒಂದು ಮಾತು ಕೇಳಬಹುದಿತ್ತು ಎಂದು ಯೋಚಿಸಿ, ಯೋಚಿಸಿದ್ದು ಎಂಥ ಮಾತೆಂದು ಹೊಳೆದು, ಅವರು ಗಡಿಬಿಡಿಯಿಂದ ಬಾಯಿ ಮುಕ್ಕಳಿಸಿದರು.

ಪಂಚಾಕ್ಷರಪ್ಪನವರು ಮೂವತ್ತೈದು ವರ್ಷ ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿದ್ದವರು. ಕಾಗದದಲ್ಲಿ ಇಲ್ಲದ್ದು ಲೋಕದಲ್ಲಿಲ್ಲ ಎಂಬುದು ಅವರಿಗೆ ನಂಬಿಕೆಯಾಗಿರಲಿಲ್ಲ, ಸಂಬಳವಾಗಿತ್ತು. ನಿವೃತ್ತಿಯಾದ ಮೊದಲ ತಿಂಗಳು ಬೆಳಿಗ್ಗೆ ಹತ್ತಕ್ಕೆ ಪ್ಯಾಂಟು ಹಾಕಿಕೊಂಡು ಜಗಲಿಯ ಮೇಲೆ ಕುಳಿತಿರುತ್ತಿದ್ದರು. ಎರಡನೆಯ ತಿಂಗಳು ಯಾರೋ ‘ನಮ್ಮ ಬೇರು’ ತೋರಿಸಿದರು. ಆಮೇಲೆ ನೋಡಬೇಕು. ಹಳೆಯ ಪಹಣಿಗಳು ಮನೆಯಲ್ಲೇ ಸಿಗುತ್ತಿದ್ದವು. ಮತದಾರರ ಪಟ್ಟಿಗಳು ಸಿಗುತ್ತಿದ್ದವು. ಸ್ಕ್ಯಾನ್ ಮಾಡಿಟ್ಟ ಶಾಸನ ಸಂಪುಟಗಳು ಸಿಗುತ್ತಿದ್ದವು. ಸತ್ತವರು ಯಾವ ಊರಲ್ಲಿ ಯಾವ ಸಾಲಿನಲ್ಲಿ ಶಾಲೆ ಬಿಟ್ಟರೆಂಬುದೂ ಒಬ್ಬ ಪುಣ್ಯಾತ್ಮ ಏರಿಸಿಟ್ಟ ಹಾಜರಿ ಪುಸ್ತಕದಲ್ಲಿ ಸಿಗುತ್ತಿತ್ತು. ಹೊಳಲ್ಕೆರೆ ಸೀಮೆಯ ಒಂದು ಕಲ್ಲಿನಲ್ಲಿ ‘ಕಣಜದ ಸಿದ್ದ’ ಎಂಬ ಹೆಸರು ಸಿಕ್ಕ ದಿನ ಅವರು ಊಟ ಮಾಡಲಿಲ್ಲ. ಆ ಸಿದ್ದ ಪಾಳೆಯಗಾರರ ಕಣಜ ನೋಡಿಕೊಳ್ಳುತ್ತಿದ್ದನೆಂದೂ, ತಮ್ಮ ಮನೆಯಲ್ಲಿ ಮೂರು ತಲೆಗೊಬ್ಬ ಸಿದ್ದರಾಮಪ್ಪ ಇರುವುದರಿಂದ ಅವನು ತಮ್ಮವನೇ ಎಂದೂ ಅವರು ತೀರ್ಮಾನಿಸಿದರು. ನಡುವಿನ ಇನ್ನೂರು ವರ್ಷಕ್ಕೆ ಜನ ಸಾಲದೆ ಬಂದಾಗ ಜಾಲತಾಣವೇ ‘ಬಹುಶಃ ಇವರು’ ಎಂದು ಆರು ಜನರನ್ನು ಸೂಚಿಸಿತು. ಆರೂ ಜನರನ್ನು ಇಟ್ಟುಕೊಂಡರು. ಪ್ರತಿ ಬಾರಿ ಹೆಸರು ಸೇರಿಸಿದಾಗ ತಾಣವು “ಅಭಿನಂದನೆಗಳು! ನೀವು ಒಬ್ಬ ಹೊಸ ಮೃತರನ್ನು ಗಳಿಸಿದ್ದೀರಿ” ಎಂದು ತನ್ನ ಯಂತ್ರದ ಕನ್ನಡದಲ್ಲಿ ಹೊಗಳುತ್ತಿತ್ತು. ಮೂರು ನೂರು ದಾಟಿದ ಮೇಲೆ ಅವರ ಹೆಸರಿನ ಮುಂದೆ ಒಂದು ಚಿನ್ನದ ಎಲೆ ಬಂತು. ನೌಕರಿಯಲ್ಲಿದ್ದಷ್ಟೂ ಕಾಲ ಯಾರೂ ಅವರಿಗೆ ಒಂದು ಹೂವಿನ ಹಾರವನ್ನೂ ಹಾಕಿರಲಿಲ್ಲ. ಬೀಳ್ಕೊಡುಗೆಯ ದಿನ ಹಾಕಿದ್ದು ಬೇರೆಯವರೊಬ್ಬರಿಗೆ ತಂದಿದ್ದು.

ಅಕ್ಕನ ಹೆಸರು ಸೇರಿಸುವ ದಿನ ಅವರು ಅಷ್ಟೇನೂ ಯೋಚಿಸಿರಲಿಲ್ಲ, ಅದಕ್ಕೇ ಈಗ ಭಯವಾಗುತ್ತಿತ್ತು. ‘ಜೀವಂತ’ ಎಂದರೆ ತಾಣ ಮುಂದೆ ಕೇಳುತ್ತದೆ: ಸಂಗಾತಿಯ ಹೆಸರು? ಊರು? ಮಕ್ಕಳು? ‘ನಿಧನ’ ಎಂದರೆ ವರ್ಷ, ಆಧಾರ, ಅಷ್ಟೇ. ಆಧಾರವಂತೂ ಅಪ್ಪನ ಟ್ರಂಕಿನಲ್ಲೇ ಇತ್ತು. ಆ ಹಳೆಯ ರೇಷನ್ ಕಾರ್ಡಿನಲ್ಲಿ ಮೂರನೆಯ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ‘ಮರಣ’, ತಾರೀಖು, ಮೊಹರು. ಆ ವರ್ಷ ಹರಿಯಬ್ಬೆ ಕಡೆಯ ಕುರಿಯವರು ಊರ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದರು, ಅವರ ಜೊತೆ ಬಂದಿದ್ದ ಮುದ್ದಪ್ಪನ ಹಿಂದೆ ಅಕ್ಕ ಹೋದಳು. ಓಡಿ ಹೋದಳೆಂದು ಎಲ್ಲ ಹೇಳುತ್ತಾರೆ, ಅವಳು ನಡೆದೇ ಹೋಗಿದ್ದು, ಮಧ್ಯಾಹ್ನ, ಚಪ್ಪಲಿ ಹಾಕಿಕೊಂಡು. ಹದಿನೈದು ದಿನ ಕಳೆದ ಮೇಲೆ ಅಪ್ಪ ಅವಳ ಹೆಸರು ತೆಗೆಸಲು ಅರ್ಜಿ ತರಿಸಿದರು. ‘ಹೆಸರು ತೆಗೆಯಲು ಕಾರಣ’ ಎಂಬಲ್ಲಿ ಮೂರೇ ಇದ್ದವು: ಮದುವೆ, ಬೇರೆ ಊರಿಗೆ ಹೋದದ್ದು, ಮರಣ. ಮದುವೆ ಎಂದರೆ ಗಂಡನ ಹೆಸರು ಬರೆಯಬೇಕು. ಊರು ಬಿಟ್ಟಿದ್ದು ಎಂದರೆ ಊರಿನ ಹೆಸರು ಬರೆಯಬೇಕು. ಅಪ್ಪ ಬಹಳ ಹೊತ್ತು ಆ ಕಾಗದವನ್ನು ನೋಡಿ, “ಕೊನೇದು ಹಾಕು” ಅಂದರು. ಇಪ್ಪತ್ತಾರರ ಪಂಚಾಕ್ಷರಪ್ಪ ಹೊಸದಾಗಿ ಗುಮಾಸ್ತನಾಗಿದ್ದ, ಮನೆಯಲ್ಲಿ ಅಕ್ಷರ ಚೆನ್ನಾಗಿದ್ದದ್ದು ಅವನದೇ. ಹಾಕಿದ. ಅದನ್ನು ಎರಡು ವರ್ಷದ ಹಿಂದೆ ಫೋಟೋ ತೆಗೆದು ಏರಿಸಿದಾಗ ತಾಣವು ಹಸಿರು ಗುರುತು ಹಾಕಿ, “ಸರ್ಕಾರಿ ದಾಖಲೆ ಒದಗಿಸಿದ ಶೇಕಡ ಮೂರರಷ್ಟು ಸದಸ್ಯರಲ್ಲಿ ನೀವೂ ಒಬ್ಬರು” ಎಂದಿತು. ಅವರಿಗೆ ಸಂತೋಷವಾಗಿತ್ತು. ಸುಳ್ಳು ಹೇಳಬಾರದು, ನಿಜಕ್ಕೂ ಸಂತೋಷವಾಗಿತ್ತು.

ಬಂಧುಗಳಲ್ಲಿ ಒಬ್ಬರಾದರೂ ಆಕ್ಷೇಪಿಸಲಿಲ್ಲ ಎಂಬುದನ್ನೂ ಹೇಳಬೇಕು. ಪಾರ್ವತಮ್ಮ ಬದುಕಿದ್ದಾಳೆಂದು ಅವರಿಗೆಲ್ಲ ಗೊತ್ತು. ಐಮಂಗಲದ ಅಂಗನವಾಡಿಯಲ್ಲಿ ಅವಳು ಕೆಲಸದಲ್ಲಿದ್ದಾಗ ಆ ದಾರಿಯಲ್ಲಿ ಹೋಗುವವರು ಬಸ್ಸಿನ ಕಿಟಕಿಯಿಂದ ಅವಳನ್ನು ಕಂಡು ಬಂದು ಪಿಸುಗುಟ್ಟುತ್ತಿದ್ದರು. ಆದರೂ ಕಳೆದ ಮಾರ್ಚಿನಲ್ಲಿ ತಾಣವು ತಾನಾಗಿಯೇ ‘ಇಂದು ಪಾರ್ವತಮ್ಮ ಅವರ ಪುಣ್ಯಸ್ಮರಣೆ’ ಎಂದು ದೀಪದ ಚಿತ್ರ ಹಾಕಿದಾಗ ಹದಿನೇಳು ಜನ ಕೈ ಮುಗಿದಿದ್ದರು. ಏಳು ಜನ ‘ಓಂ ಶಾಂತಿ’ ಎಂದಿದ್ದರು. ಒಬ್ಬಾಕೆ ‘ತುಂಬಾ ಒಳ್ಳೆಯವರು’ ಎಂದು ಬರೆದಿದ್ದಳು, ಬದುಕಿದ್ದಾಗ ಯಾರೂ ಅನ್ನದ ಮಾತು.

“ಮುರಿಗೆಪ್ಪಾರು ಎರಡು ಸಲ ಫೋನ್ ಮಾಡಿದ್ರು,” ಎಂದು ಹೆಂಡತಿ ಸುಚಿತ್ರಾ ಕಾಫಿ ಇಟ್ಟು ಹೇಳಿದಳು. “ಫ್ಲೆಕ್ಸಿನೋನು ಕಾಯ್ತಾ ಅವ್ನಂತೆ. ಅಚ್ಚಿಗೆ ಕೊಡ್ಲಾ ಅಂತ ಕೇಳ್ತಾ ಅವ್ರೆ.” ಭಾನುವಾರ ಹೊಸದುರ್ಗದ ಕಲ್ಯಾಣ ಮಂಟಪದಲ್ಲಿ ಮನೆತನದ ಸಮಾವೇಶ. ಹೊಸದುರ್ಗದ ಕೊಬ್ಬರಿ ವ್ಯಾಪಾರಿ, ದೊಡ್ಡಪ್ಪನ ಮಗ ಮುರಿಗೆಪ್ಪ ಅಧ್ಯಕ್ಷರು. ಹದಿನಾರು ಅಡಿ ಫ್ಲೆಕ್ಸಿನಲ್ಲಿ ಇಡೀ ವಂಶಾವಳಿ. ಸ್ವಾಮಿಗಳು ಅದರ ಮುಂದೆ ನಿಂತು ಪಂಚಾಕ್ಷರಪ್ಪನವರಿಗೆ ಶಾಲು ಹೊದಿಸುತ್ತಾರೆ. ಸತ್ತವರ ಹೆಸರಿನ ಮುಂದೆ ‘ಲಿಂಗೈಕ್ಯ’ ಎಂದು ಪೂರ್ತಿ ಬರೆದರೆ ಜಾಗ ಸಾಲದೆಂದು ‘ಲಿಂ.’ ಎಂದು ಹಾಕಲು ತೀರ್ಮಾನವಾಗಿತ್ತು. ಲಿಂ. ಪಾರ್ವತಮ್ಮ, ಕೆಳಗಿನಿಂದ ಮೂರನೆಯ ಸಾಲು, ಎಡಗಡೆಯಿಂದ ಒಂಬತ್ತನೆಯದು. ಪಂಚಾಕ್ಷರಪ್ಪನವರು ಕಾಫಿ ಕುಡಿದು ಹೆಂಡತಿಗೆ ಫೋನು ತೋರಿಸಿದರು. ಸುಚಿತ್ರಾ ಎರಡು ಸಲ ಓದಿದಳು.

“ಇದ್ರಾಗೆ ಕೇಳೋದೇನೈತ್ರಿ? ಬದುಕವ್ರಲ್ಲ.”

“ಬದುಕವ್ಳೆ ಅಂತ ಒತ್ತಿದ್ರೆ ಎರಡೂ ಕೂಡ್ಕಂತಾವೆ. ಆ ಮುದ್ದಪ್ಪ, ಅವನ ಕಡೆ ಹರಿಯಬ್ಬೆ ಮಂದಿ ತೊಂಬತ್ತೆಂಟು ಜನ, ಎಲ್ಲಾ ನಮ್ಮದ್ರಾಗೆ ಬಂದು ಕುಂತ್ಕಂತಾರೆ. ಎಲ್ಲರ ಫೋನಿಗೂ ಸುದ್ದಿ ಹೋಗ್ತೈತೆ.”

“ಹಂಗಾದ್ರೆ ಸತ್ತವ್ರೆ ಅಂತ ಒತ್ರಿ.”

“ಅದನ್ನ ಒತ್ತಿದ್ರೆ ಆ ಹುಡುಗಿಗೆ ಹೋಗ್ತೈತೆ, ನಿಮ್ಮ ತಾಯಿಯ ಸಾವನ್ನ ಬಂಧುಗಳು ಖಚಿತಪಡಿಸಿದಾರೆ ಅಂತ.”

ಸುಚಿತ್ರಾ ಲೋಟ ಎತ್ತಿಕೊಂಡಳು. “ನಾನು ಈ ಮನೆಗೆ ಬಂದಾಗ ನಿಮ್ಮಕ್ಕ ಸತ್ತವ್ರೆ ಅಂತಲೇ ಹೇಳಿದ್ರಿ,” ಅಂದಳು. “ಆರು ತಿಂಗಳಿಗೆ ಗೊತ್ತಾತು. ನಾನೇನೂ ಕೇಳ್ಲಿಲ್ಲ.” ಅವಳ ದನಿಯಲ್ಲಿ ಕೊಂಕಿರಲಿಲ್ಲ. ಪಂಚಾಕ್ಷರಪ್ಪನವರಿಗೆ ಮೈಯೆಲ್ಲ ಉರಿಯಿತು. ಹೆಂಡತಿ ಒಂದು ಕೊಂಕು ಆಡಿದ್ದರೆ ತಾನು ಒಂದು ಆಡಿ, ಅದು ಜಗಳವಾಗಿ, ಈ ಬೆಳಗು ಹೇಗೋ ಮುಗಿಯುತ್ತಿತ್ತು. ಹತ್ತು ಗಂಟೆಗೆ ಎಲೆ ಮತ್ತೆ ನಕ್ಕಿತು: “ನೀವು ಇನ್ನೂ ಉತ್ತರಿಸಿಲ್ಲ. ಪಾರ್ವತಮ್ಮ ಕಾಯುತ್ತಿದ್ದಾರೆ.”

ಅವರಿಗೊಂದು ದಾರಿ ಹೊಳೆಯಿತು, ಕಚೇರಿಯಲ್ಲಿ ಸಾವಿರ ಸಲ ಉಪಯೋಗಕ್ಕೆ ಬಂದ ದಾರಿ: ಕಡತ ಮುಚ್ಚುವುದೂ ಬೇಡ, ತೆರೆಯುವುದೂ ಬೇಡ, ಮೇಲಿನ ಬೀರುವಿನಲ್ಲಿ ಇಟ್ಟರಾಯಿತು. ತಾಣದಲ್ಲಿ ‘ಖಾಸಗಿ’ ಎಂಬ ವ್ಯವಸ್ಥೆಯಿತ್ತು. ಇನ್ನೊಂದು ಕಡೆಯವರು ತಮ್ಮವರ ಹೆಸರನ್ನು ಖಾಸಗಿ ಮಾಡಿಕೊಂಡರೆ ಹೋಲಿಕೆ ತಾನಾಗಿಯೇ ಅಳಿಸಿಹೋಗುತ್ತದೆ. ಸಹನಾ ತನ್ನ ತಾಯಿಯನ್ನು ಖಾಸಗಿ ಮಾಡಿದರೆ ಮುಗಿಯಿತು, ಭಾನುವಾರದ ತನಕ ಸಾಕು, ಸೋಮವಾರ ಬೇಕಾದರೆ ಮತ್ತೆ ಬದುಕಿಸಿಕೊಳ್ಳಲಿ. ಫೋನಿನಲ್ಲಿ ಕೇಳುವ ವಿಷಯವಲ್ಲ. ಒಗೆದ ಅಂಗಿ ಹಾಕಿಕೊಂಡರು, ವಿಭೂತಿ ಹಚ್ಚಿಕೊಂಡರು, ಬಸ್ ನಿಲ್ದಾಣದಲ್ಲಿ ಅರ್ಧ ಕೆಜಿ ಸೇಬು ಕೊಂಡರು. ಮೂವತ್ತಾರು ವರ್ಷಕ್ಕೆ ಅರ್ಧ ಕೆಜಿ ಕಡಿಮೆಯಾಯಿತೇನೋ ಎನಿಸಿ ಇನ್ನರ್ಧ ಕೆಜಿ ಕೇಳಿದಾಗ ಹಣ್ಣಿನವಳು, “ಮೊದ್ಲೇ ಹೇಳಾಕೆ ಏನಪ್ಪ,” ಎಂದು ತಕ್ಕಡಿ ಮತ್ತೆ ಎತ್ತಿದಳು.

ಹಿರಿಯೂರಿನ ಬಸ್ಸು ಹೆದ್ದಾರಿಗೆ ಬಿದ್ದ ಮೇಲೆ ಅವರು ಮಾತುಗಳನ್ನು ಜೋಡಿಸಿಕೊಳ್ಳತೊಡಗಿದರು. ‘ಅಕ್ಕ, ತಾಂತ್ರಿಕವಾಗಿ ಒಂದು ಸಣ್ಣ ತೊಂದರೆಯಾಗಿದೆ.’ ತಾಂತ್ರಿಕ ಎಂಬ ಮಾತು ಚೆನ್ನಾಗಿತ್ತು, ಅದರಲ್ಲಿ ಮನುಷ್ಯರಿಲ್ಲ. ಅಕ್ಕ ಅವರಿಗೆ ಮಗ್ಗಿ ಹೇಳಿಕೊಡುತ್ತಿದ್ದಳು, ಹದಿಮೂರರ ಮಗ್ಗಿಯಲ್ಲಿ ತಪ್ಪಿದರೆ ತಲೆಗೆ ಮೊಟಕಿ ಆಮೇಲೆ ಅದೇ ಜಾಗ ಸವರುತ್ತಿದ್ದಳು. ಗಾಳಿಯಂತ್ರಗಳು ಗುಡ್ಡದ ಮೇಲೆ ಸುಮ್ಮನೆ ತಿರುಗುತ್ತಿದ್ದವು. ಕೊನೆಯ ದಿನಗಳಲ್ಲಿ ಅಪ್ಪನಿಗೆ ಲಕ್ವ ಹೊಡೆದು ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಅವರು ಹೇಳಿದ್ದು ಪಂಚಾಕ್ಷರಪ್ಪನವರಿಗೊಬ್ಬರಿಗೇ ತಿಳಿಯುತ್ತಿತ್ತು. ಅದು ಅವರಿಗೆ ಹೆಮ್ಮೆಯೂ ಆಗಿತ್ತು. ಮನೆ ತುಂಬ ನೆಂಟರು. ಅಪ್ಪ ಕೈಸನ್ನೆಯಿಂದ ಹತ್ತಿರ ಕರೆದು ಏನೋ ಕೇಳಿದಾಗ ಸುತ್ತ ಇದ್ದವರು “ಏನಂತೆ, ಏನಂತೆ” ಎಂದರು. “ನೀರು ಕೇಳ್ತಾ ಅವ್ರೆ,” ಎಂದು ಪಂಚಾಕ್ಷರಪ್ಪನವರು ಹೇಳಿದ್ದರು. ಅಪ್ಪ ಕೇಳಿದ್ದು ನೀರಲ್ಲ. ಯಾರೋ ಚಮಚದಲ್ಲಿ ನೀರು ಹಾಕಿದರು, ಅಪ್ಪ ಕುಡಿದರು, ಮಗನನ್ನೇ ನೋಡುತ್ತ. “ಐಮಂಗಲ ಯಾರ್ರಿ, ಎದ್ದು ಮುಂದೆ ಬರ್ರಿ,” ಎಂದ ಕಂಡಕ್ಟರ್.

ಶಾಲೆಯ ಹಿಂದಿನ ಆರ್‌ಸಿಸಿ ಮನೆ, ಮುಂದೆ ತಗಡಿನ ಚಪ್ಪರ, ಅದರ ಕೆಳಗೆ ಎರಡು ಮರಿಗಳನ್ನು ಕಟ್ಟಿತ್ತು. ಬಾಗಿಲಲ್ಲಿ ಬಂದು ನಿಂತವಳನ್ನು ಕಂಡಾಗ ಪಂಚಾಕ್ಷರಪ್ಪನವರಿಗೆ ಅಮ್ಮನೇ ಎದ್ದು ಬಂದ ಹಾಗಿತ್ತು. ಅಕ್ಕನಿಗೆ ಅಮ್ಮನ ವಯಸ್ಸಾಗಿತ್ತು, ಅಷ್ಟೇ. ಅವಳು ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿ, “ಪಂಚನೇನೋ?” ಅಂದಳು. “ಒಳಾಕೆ ಬಾ. ಕುಂತ್ಕ. ಸಹನಾ, ನಿಮ್ಮ ಮಾವ ಬಂದವ್ನೆ ನೋಡು.” ನಿನ್ನೆ ಸಂತೆಗೆ ಹೋಗಿ ಇವತ್ತು ಬಂದವನನ್ನು ಕರೆದ ಹಾಗೆ ಕರೆದಳು. ಮುದ್ದಪ್ಪ ಮಂದೆಯ ಜೊತೆ ಹರಿಯಬ್ಬೆ ಕಡೆ ಹೋಗಿದ್ದಾನಂತೆ. ಅದಕ್ಕೆ ಸಮಾಧಾನವಾದದ್ದಕ್ಕೆ ಪಂಚಾಕ್ಷರಪ್ಪನವರಿಗೆ ನಾಚಿಕೆಯಾಯಿತು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಸಹನಾ ಅಂದು ರಜೆಯಲ್ಲಿದ್ದಳು. ಮೂವತ್ತು ದಾಟಿದ ಹೆಣ್ಣು, ಫೋನನ್ನು ಕೈಯಲ್ಲಿ ಹಿಡಿದೇ ಹೊರಬಂದು, “ನಮಸ್ಕಾರ ಮಾವ. ನೀವು ಬರ್ತೀರಿ ಅಂತ ಅನ್ಕಂಡಿರ್ಲಿಲ್ಲ. ಬೂದು ಗುಂಡಿ ಒತ್ತುತೀರಿ ಅನ್ಕಂಡಿದ್ದೆ,” ಅಂದಳು.

ಪಂಚಾಕ್ಷರಪ್ಪನವರು ತಾಂತ್ರಿಕ ಎಂದರು. ಸಣ್ಣ ತೊಂದರೆ ಎಂದರು. ಭಾನುವಾರ ಎಂದರು, ಸ್ವಾಮಿಗಳು ಎಂದರು, ಖಾಸಗಿ ಎಂದರು. ಹೇಳುತ್ತ ಹೋದಂತೆ ಸೇಬಿನ ಚೀಲ ಅವರ ಮಡಿಲಲ್ಲೇ ಉಳಿದಿತ್ತು, ಅದನ್ನು ಯಾವಾಗ ಕೊಡಬೇಕೆಂಬುದು ತಿಳಿಯಲಿಲ್ಲ. ಅಕ್ಕ ಹೂಂಗುಟ್ಟುತ್ತ ಎಲ್ಲ ಕೇಳಿದಳು. ನಡುವೆ ಒಮ್ಮೆ, “ಹದಿನಾರು ಅಡಿನಾ?” ಎಂದು ಕೇಳಿದಳು. ಮುಗಿದ ಮೇಲೆ, “ನನ್ನ ಹೆಸರಿನ ಮುಂದೆ ಲಿಂ ಹಾಕಿದ್ರೆ ಹಾಕ್ಕಳ್ಳಿ ಬಿಡೋ,” ಅಂದಳು. “ಅಪ್ಪ ಯಾವತ್ತೋ ಬರೆಸಿದ್ದು ಅದು. ನಮ್ಮ ವಂಶದ ಗಿಡದಾಗೆ ಅಪ್ಪನ್ನ ಏನಂತ ಹಾಕೀವಿ ನೋಡಿದ್ಯಾ?”

ಅವರು ನೋಡಿರಲಿಲ್ಲ. ಸಹನಾ ಫೋನು ತಿರುಗಿಸಿ ಹಿಡಿದಳು. ಸಿದ್ದರಾಮಪ್ಪ, ಜನನ ೧೯೨೯. ಜೀವಂತ. ವಯಸ್ಸು ೯೬.

“ಇದು ತಪ್ಪು,” ಅಂದರು ಪಂಚಾಕ್ಷರಪ್ಪನವರು. ಬೇರೆಯವರ ಕಡತದಲ್ಲಿ ತಪ್ಪು ಕಂಡಾಗ ಬರುತ್ತಿದ್ದ ಹಳೆಯ ಚುರುಕು ಒಂದು ಕ್ಷಣ ಬಂದಿತ್ತು. “ಅಪ್ಪ ಹೋಗಿ ಹದಿನೆಂಟು ವರ್ಷ ಆಯ್ತು. ನಿಂಗೆ ಗೊತ್ತಿಲ್ವಾ ಅಕ್ಕ?”

“ಊರಿಗೆಲ್ಲ ಗೊತ್ತು. ನಂಗೆ ಯಾರು ಹೇಳ್ಯಾರೆ?” ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಮೂರನೇ ದಿನ ಬಸ್ಸಿನ ಕಂಡಕ್ಟರ್ ಒಬ್ಬ ಅಂದ. ಅವನು ಅಂದದ್ದು ಸುದ್ದಿ ಆಕ್ಕತೇನೋ? ಈ ಮನೆಯ ರಿವಾಜು ಹಂಗಲ್ಲ. ಸತ್ತೋರ ಮನೆಯೋರೇ ಒಬ್ರು ಬಂದು, ಬಾಗಿಲಾಗೆ ನಿಂತು, ಇಂಥೋರು ಹೋದ್ರು ಅಂತ ಹೇಳಬೇಕು. ಹೇಳಿದ ಮೇಲೆ ಮಗಳು ತಲೆ ಮೇಲೆ ನೀರು ಹಾಕ್ಕಳಬೇಕು. ಅಲ್ಲೀಗಂಟ ಮೀಯಂಗಿಲ್ಲ, ಅಳಂಗಿಲ್ಲ. ನಾನು ಬಾಗಿಲು ನೋಡ್ಕಂಡು ಕುಂತಿದ್ದೆ. ನಮ್ಮ ಅತ್ತೆ ಚಿತ್ತಮ್ಮ ಬದುಕಿದ್ಲು ಆಗ. ಹನ್ನೊಂದನೇ ದಿನ ಅವಳು ಅಂದ್ಲು, ಬರಾಕಿಲ್ಲ ಕಣೆ, ಏಳು, ಉಣ್ಣು ಅಂತ. ಎದ್ದು ಉಂಡೆ. ಅತ್ತಿಲ್ಲ ನಾನು. ಈ ಹುಡುಗಿ ಗಿಡ ಬರಿವಾಗ ತಾತನ್ನ ಏನು ಹಾಕ್ಲಿ ಅಂತು. ಯಾರೂ ಹೇಳಿಲ್ಲ, ಬದುಕವ್ರೆ ಅಂತ ಹಾಕು ಅಂದೆ.”

ಹೊರಗೆ ಹೆದ್ದಾರಿಯ ಲಾರಿಗಳ ಸದ್ದು ಎಡೆಬಿಡದೆ ಕೇಳುತ್ತಿತ್ತು. ಪಂಚಾಕ್ಷರಪ್ಪನವರಿಗೆ ಓಡಿಹೋಗಬೇಕೆನಿಸಿತು. ಇಲ್ಲಿ ಓದಲು ಜಾಹೀರಾತೂ ಇರಲಿಲ್ಲ. ಗೋಡೆಯ ಮೇಲೆ ಇದ್ದದ್ದು ಒಂದು ಬ್ಯಾಂಕಿನ ಕ್ಯಾಲೆಂಡರು, ಮುದ್ದಪ್ಪನ ಕಂಬಳಿ. ತಾನು ಬಂದದ್ದು ಬದುಕಿರುವ ಅಕ್ಕನನ್ನು ಭಾನುವಾರದವರೆಗೆ ಮುಚ್ಚಿಡಲು. ಈ ಮನೆಯವರು ಸತ್ತ ಅಪ್ಪನನ್ನು ಹದಿನೆಂಟು ವರ್ಷದಿಂದ ಕೂರಿಸಿಕೊಂಡು ತನ್ನನ್ನೇ ಕಾಯುತ್ತಿದ್ದರು.

“ನೀನೇ ಖುದ್ದಾಗಿ ಬಂದಿದೀಯ,” ಅಂದಳು ಅಕ್ಕ. “ಹೇಳ್ಬಿಡು ಈಗ.”

ಅವರು ಎದ್ದು ನಿಂತರು. ಕುಳಿತೇ ಹೇಳಬಹುದಿತ್ತು, ಆದರೆ ಎದ್ದರು. ಬಾಗಿಲಿನ ತನಕ ಹೋಗಿ ಹೊಸ್ತಿಲ ಹೊರಗೆ ನಿಂತು ತಿರುಗಿದರು. ಮರಿಯೊಂದು ಅವರ ಪ್ಯಾಂಟು ಮೂಸಿತು. “ಅಕ್ಕ,” ಎಂದರು, “ಅಪ್ಪ ಹೋದ್ರು.”

ಅಕ್ಕ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಮಗಳ ಕಡೆ ತಿರುಗಿ, “ಬರ್ಕಳೆ,” ಅಂದಳು. ಸಹನಾ ಫೋನನ್ನು ಹತ್ತಿರ ಹಿಡಿದು ಕೇಳಿದಳು, “ತಾರೀಖು ಹೇಳ್ರಿ ಮಾವ.”

“ಹನ್ನೊಂದು, ಡಿಸೆಂಬರ್, ಎರಡು ಸಾವಿರದ ಏಳು.”

“ಹೊತ್ತು?”

“ಬೆಳಗಿನ ಜಾವ ನಾಕೂವರೆ.”

“ಎಲ್ಲಿ?”

“ಚಿತ್ರದುರ್ಗ. ನಮ್ಮನೇಲಿ, ನಡುಮನೇಲಿ.”

“ಕಾರಣ?”

“ಲಕ್ವ. ಆಮೇಲೆ ಎದೇಲಿ ಕಫ ಕಟ್ಟಿತ್ತು.”

“ಹತ್ರ ಯಾರಿದ್ರಿ?”

“ನಾನು, ಸುಚಿತ್ರಾ. ನೆಂಟರು ಹೊರಗಡೆ ಮಲಗಿದ್ರು.” ಅವರ ಬೆನ್ನು ತಾನಾಗಿ ನೆಟ್ಟಗಾಗಿತ್ತು. ಇದು ಅವರಿಗೆ ಬರುವ ಕೆಲಸ. ಕೇಳಿದ ಕಾಲಮ್ಮಿಗೆ ಕೇಳಿದಷ್ಟು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

“ನನ್ನ ಕೇಳಿದ್ರಾ?” ಅಂದಳು ಅಕ್ಕ.

“ಕೇಳಿದ್ರು. ನಾಕು ದಿನ ಮುಂಚೆ. ಪಾರ್ವತಿಗೆ ಹೇಳಿ ಕಳ್ಸು ಅಂದ್ರು.”

“ನೀನೇನಂದೆ?”

“ಕಳಿಸ್ತೀನಿ ಅಂದೆ. ಕಳಿಸ್ಲಿಲ್ಲ. ಮಾರನೇ ದಿನ, ಏನಂದ್ಲು ಅಂತ ಕೇಳಿದ್ರು. ಬರಲ್ಲ ಅಂದ್ಲು ಅಂತ ಹೇಳ್ದೆ.”

ಹೇಳಿ ಮುಗಿದ ಮೇಲೆ, ಹೇಳಿದ್ದು ತಾನೇ ಎಂದು ಅವರಿಗೆ ಗೊತ್ತಾಯಿತು. ಸಹನಾಳ ಬೆರಳು ನಿಂತಿತ್ತು. ಅದನ್ನು ತುಂಬಲು ಫೋನಿನಲ್ಲಿ ಜಾಗವಿರಲಿಲ್ಲ. ಹದಿನೆಂಟು ವರ್ಷ ಹೆಂಡತಿಗೂ ಹೇಳದ ಮಾತು, ಒಬ್ಬಳು ಟೀಚರ್ ಅರ್ಜಿ ತುಂಬುವಂತೆ ಪ್ರಶ್ನೆ ಕೇಳಿದ್ದಕ್ಕೆ ಬಾಯಿಂದ ಬಿದ್ದುಹೋಗಿತ್ತು. ನೆಂಟರು ಏನೆನ್ನುತ್ತಾರೋ ಎಂದು, ಅಪ್ಪನ ಮಂಚದ ಸುತ್ತ ಕೂತಿದ್ದವರಿಗೆ ಜಾಗ ಬಿಡಿ ಎಂದು ಹೇಳಬೇಕಾಗುತ್ತದಲ್ಲ ಎಂದು, ಬರೀ ಅಷ್ಟಕ್ಕೆ ಎಂದು ಅವರು ವಿವರಿಸಬೇಕೆಂದಿದ್ದರು. ಆಗಲಿಲ್ಲ. ಅವರು ಮಾಡಿದ್ದು ಹೊಲಸು ಕೆಲಸ, ಅದಕ್ಕೆ ವಿವರಣೆ ಇರಲಿಲ್ಲ.

ಅಕ್ಕ ಮಂಡಿಯ ಮೇಲೆ ಕೈಯೂರಿ ಎದ್ದಳು. ತಮ್ಮನ ಮುಖವನ್ನು ನೋಡಲಿಲ್ಲ, ನೋಡದಿರಲು ಪ್ರಯತ್ನಿಸಲೂ ಇಲ್ಲ. “ನೀರು ಕಾಸ್ಲಾ ಅವ್ವ?” ಎಂದಳು ಸಹನಾ. “ತಣ್ಣೀರೇ ಆತು,” ಎಂದು ಅವಳು ಹಿತ್ತಲಿಗೆ ಹೋದಳು. ಕೊಡ ತುಂಬುವ ಸದ್ದು, ಆಮೇಲೆ ನೆತ್ತಿಯ ಮೇಲಿಂದ ಕಲ್ಲಿನ ಮೇಲೆ ನೀರು ಬೀಳುವ ಸದ್ದು. ಒಂದು ಕೊಡ, ಇನ್ನೊಂದು ಕೊಡ. ನಡುವೆ ಬೇರೆ ಒಂದು ಸದ್ದೂ ಇತ್ತು, ಅಕ್ಕ ಹಾಗೆ ಅಳುವುದನ್ನು ಪಂಚಾಕ್ಷರಪ್ಪನವರು ಚಿಕ್ಕಂದಿನಿಂದಲೂ ಕೇಳಿರಲಿಲ್ಲ.

“ಇನ್ನು ಹೊರಡ್ರಿ ಮಾವ,” ಎಂದಳು ಸಹನಾ ಮೆಲ್ಲಗೆ. “ಸುದ್ದಿ ತಂದೋರು ಕುಂತ್ಕಳಂಗಿಲ್ಲ, ನೀರೂ ಕುಡಿಯಂಗಿಲ್ಲ. ಹೋಗುವಾಗ ಬರ್ತೀನಿ ಅಂತನೂ ಅನ್ನಬಾರದು.” ಅವರು ತಲೆಯಾಡಿಸಿದರು. ಸೇಬನ್ನು ಕೊಡಬಹುದೇ ಎಂದು ಕೇಳಿದರು. ಸಾವಿನ ಸುದ್ದಿಯ ಜೊತೆ ಹಣ್ಣು ತರುವುದಿಲ್ಲ ಎಂದಳು ಸಹನಾ. ಗೇಟಿನ ತನಕ ಬಂದು ಒಂದು ನಿಮಿಷ ನಿಂತರು. ಬರ್ತೀನಿ ಅಕ್ಕ ಎಂದು ಕೂಗಬೇಕೆಂದು, ಅದಕ್ಕೆ ಒಳಗಿನಿಂದ ಹೂಂ ಬಾ ಎಂಬ ದನಿ ಕೇಳಬೇಕೆಂದು ಅವರ ಇಡೀ ಮೈ ಬೇಡುತ್ತಿತ್ತು. ಜೀವಮಾನವಿಡೀ ರಿವಾಜು ಬಿಡದವರು, ಈಗಲೂ ಬಿಡಲಿಲ್ಲ. ಸುಮ್ಮನೆ ನಡೆದರು.

ಹೆದ್ದಾರಿಯ ಬದಿಯಲ್ಲಿ ದುರ್ಗದ ಕಡೆಯ ಬಸ್ಸಿಗೆ ಕಾಯುತ್ತ ಮೋರಿಯ ಕಟ್ಟೆಯ ಮೇಲೆ ಕುಳಿತು ಫೋನು ತೆಗೆದರು. ಎಲೆ ನಗುತ್ತಲೇ ಇತ್ತು. ಹಸಿರು ಗುಂಡಿ ಒತ್ತಿದರು. “ಅಭಿನಂದನೆಗಳು!” ಎಂದಿತು ತಾಣ. “ನಿಮ್ಮ ಕುಟುಂಬದಲ್ಲಿ ಈಗ ಐನೂರ ಹತ್ತು ಸದಸ್ಯರಿದ್ದಾರೆ.” ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಫೋನು ನಡುಗತೊಡಗಿತು, ಒಂದರ ಮೇಲೊಂದು ಸಂದೇಶ, ಪ್ರಶ್ನೆಯ ಗುರುತುಗಳು, ಕೊನೆಗೆ ಮುರಿಗೆಪ್ಪನ ಕರೆ.

“ಏನ್ರಿ ಪಂಚಾಕ್ಷರಪ್ಪಾರೆ, ಯಾರೋ ಮುದ್ದಪ್ಪ ಅಂತ ನನ್ನ ಫೋನಾಗೆ ಬಂದು ನಿಮ್ಮ ಭಾವ ಅಂತ ಕುಂತವ್ನೆ? ಪಾರ್ವತಕ್ಕ ಜೀವಂತ ಅಂತ ತೋರಿಸ್ತೈತೆ. ನೀವು ಫೋನ್ ಎತ್ಲಿಲ್ಲ, ಅಚ್ಚಿಗೆ ಕೊಟ್ಟಾಗೈತ್ರಿ, ಸತ್ತೋರು ಎದ್ದು ಬಂದ್ರೆ ನಾನೇನ್ ಮಾಡ್ಲಿ?”

“ಸತ್ತಿರ್ಲಿಲ್ಲ ಅವಳು. ನಿಮಗೂ ಗೊತ್ತು,” ಅಂದರು ಪಂಚಾಕ್ಷರಪ್ಪನವರು. “ಇಲ್ಲೇ ಐಮಂಗಲದಾಗೆ ಅವ್ಳೆ. ನೋಡ್ಕಂಡೇ ಬಂದೆ. ತಲೆ ಮೇಲೆ ನೀರು ಹಾಕ್ಕಳ್ತಾ ಅವ್ಳೆ.”

ನೀರು ಎಂದದ್ದೇ ಮುರಿಗೆಪ್ಪನ ದನಿ ಇಳಿಯಿತು. ಎಷ್ಟೇ ವ್ಯಾಪಾರಿಯಾದರೂ ಅವರೂ ಈ ಸೀಮೆಯವರೇ. “ಯಾಕ್ರಿ, ಯಾರು ಹೋದ್ರು?”

“ನಮ್ಮಪ್ಪ.”

ಸಿದ್ದರಾಮಪ್ಪನ ಕುಣಿಗೆ ಮೊದಲ ಹಿಡಿ ಮಣ್ಣು ಹಾಕಿದವರಲ್ಲಿ ಮುರಿಗೆಪ್ಪನೂ ಒಬ್ಬರು. ಆದರೂ ಸಾವಿನ ಸುದ್ದಿ ಕೇಳಿದ ಬಾಯಿಗೆ ಅಭ್ಯಾಸವಾಗಿರುವುದು ಒಂದೇ ಮಾತು, ಅದು ತಾನಾಗಿ ಬಂತು. “ಯಾವಾಗ್ರಿ?”

“ಈಗ. ಒಂದರ್ಧ ಗಂಟೆ ಆತು,” ಎಂದರು ಪಂಚಾಕ್ಷರಪ್ಪನವರು. ಅಷ್ಟು ಹೇಳಿ, ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವರು ಅಪ್ಪನಿಗಾಗಿ ಅತ್ತರು, ಮೋರಿಯ ಮೇಲೆ, ಮಡಿಲಲ್ಲಿ ಒಂದು ಕೆಜಿ ಸೇಬು ಇಟ್ಟುಕೊಂಡು. ದುರ್ಗದ ಬಸ್ಸು ಬಂದು ನಿಂತು ಹೋಯಿತು. ಮುರಿಗೆಪ್ಪ ಹಲೋ ಹಲೋ ಎನ್ನುತ್ತಲೇ ಇದ್ದರು.